ನಿ ಆದ ಮೇಲೆ ಗ

ದೊಡ್ಡಮಾವನಿಗೆ ಬರುತ್ತಿದ್ದದ್ದು ಒಂದೇ ಹಾಡು, ಅದೂ ಅರ್ಧ. ಅದಕ್ಕೆ ಮಾತಿಲ್ಲ, ಹೆಸರಿಲ್ಲ, ಶುರುವೂ ಇಲ್ಲ. ಎಲ್ಲೋ ನಡುವಿನಿಂದ ಎದ್ದು ದಡದಡ ಓಡಿ, ಮೇಲೆ ಯಾವುದೋ ಸ್ವರ ಮುಟ್ಟಿ, ಮುಂದಿನ ದಾರಿ ತಿಳಿಯದೆ ಮತ್ತೆ ಹೊರಟಲ್ಲಿಗೇ ಬಂದು ನಿಲ್ಲುತ್ತಿತ್ತು. ಸೈಕಲ್ ಒರೆಸುವಾಗ ಅದೇ, ಹುರುಳಿಕಾಯಿ ನಾರು ತೆಗೆಯುವಾಗ ಅದೇ, ತಿಂಗಳ ಲೆಕ್ಕ ಬರೆಯುವಾಗಲೂ ಅದೇ. ‘ತರರ ರಾರ ತರರ ರಾ’ ಅಂತ ಹಲ್ಲಿನ ಸಂದಿಯಿಂದ ಬರುತ್ತಿದ್ದ ಆ ಸದ್ದು ಮನೆಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಕೇಳಿಸದಿದ್ದ ದಿನ ಅತ್ತೆ ‘ಯಾಕೆ, ಇವರಿಗೆ ಮೈಯಲ್ಲಿ ಹುಷಾರಿಲ್ವಾ?’ ಅಂತ ಅಡುಗೆಮನೆಯಿಂದ ಹಜಾರಕ್ಕೆ ಬಂದು ನೋಡುತ್ತಿದ್ದರು.

ಇದು ಎಂಬತ್ತರ ದಶಕದ ಕೊನೆಯ ಮಾತು. ಮಾವ ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿದ್ದರು. ಮನೆ ಮೈಸೂರಿನ ಅಗ್ರಹಾರದಲ್ಲಿ. ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ, ದಸರಾ ರಜೆಗೆ ಹೋಗಿದ್ದೆ. ಆಯುಧಪೂಜೆಯ ಬೆಳಿಗ್ಗೆ ಮಾವ ಸೈಕಲ್ಲಿಗೆ ಕುಂಕುಮ ಇಡುತ್ತ ತಮ್ಮ ಹಾಡು ಎತ್ತಿಕೊಂಡರು. ಚಿಕ್ಕಮಾವ ಪೇಪರಿನಿಂದ ತಲೆ ಎತ್ತಿ, ‘ಅದು ಶಂಕರ್-ಜೈಕಿಶನ್‌ದು ಕಣಣ್ಣ. ಯಾವುದೋ ರಾಜ್‌ಕಪೂರ್ ಪಿಕ್ಚರ್‌ದು’ ಅಂದರು. ಮಾವನ ಕೈಯಲ್ಲಿದ್ದ ಕುಂಕುಮದ ಬಟ್ಟಲು ಅಲ್ಲೇ ನಿಂತಿತು.

‘ಏನಂದೆ? ನಾನು ಇದನ್ನ ಕೇಳಿದಾಗ ನಿನ್ನ ರಾಜ್‌ಕಪೂರ್ ಇನ್ನೂ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ. ಇದು ಇಂಗ್ಲಿಷ್ ಮ್ಯೂಸಿಕ್ಕು. ಅರಮನೆ ಬ್ಯಾಂಡಿಂದು.’

ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ಸೋತವರು ಮನೆಮಂದಿಗೆಲ್ಲ ಮಸಾಲೆ ದೋಸೆ ಕೊಡಿಸಬೇಕು. ಯಾವುದು ಎಂದು ಪತ್ತೆ ಮಾಡಿಕೊಂಡು ಬರುವ ಕೆಲಸ, ಓದಿದ ಹುಡುಗ ಎಂಬ ಕಾರಣಕ್ಕೆ, ನನ್ನ ತಲೆಗೆ ಬಂತು. ಅತ್ತೆ ಮಾತ್ರ, ‘ನಲವತ್ತು ವರ್ಷದಿಂದ ಕೇಳ್ತಾ ಇದೀನಿ. ಅದು ಯಾವುದಾದ್ರೆ ನನಗೇನು, ಒಂದು ಸಲ ಪೂರ್ತಿ ಆದ್ರೆ ಸಾಕು’ ಅಂದರು.

ಮಾವ ಅದನ್ನು ಕೇಳಿದ್ದು ಹುಡುಗನಾಗಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಒಂದು ದಸರೆಯ ಸಂಜೆ. ತಂದೆಯ ಹೆಗಲ ಮೇಲೆ ಕೂತಿದ್ದರಂತೆ. ಮುಂದೆ ಜನರ ತಲೆಗಳು, ಆ ತಲೆಗಳಾಚೆ ದೀಪದ ಬೆಳಕಿಗೆ ಹೊಳೆಯುವ ಹಿತ್ತಾಳೆ ವಾದ್ಯಗಳು. ಅಷ್ಟೇ ನೆನಪು. ನುಡಿಸಿದವರ ಮುಖ ನೆನಪಿಲ್ಲ, ಹಾಡಿನ ಹೆಸರನ್ನು ಯಾರೂ ಹೇಳಲೂ ಇಲ್ಲ. ‘ಆದ್ರೆ ಆ ಓಟ ಇದೆಯಲ್ಲ, ಅದು ಒಳಗೆ ಹೊಕ್ಕುಬಿಟ್ಟಿತು ಕಣೋ’ ಅನ್ನುತ್ತಿದ್ದರು.

ಹಿತ್ತಾಳೆ ವಾದ್ಯ ಅಂದಮೇಲೆ ಇಂಗ್ಲಿಷ್ ಸಂಗೀತ ಎಂದು ಮಾವ ತೀರ್ಮಾನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮೈಸೂರಿನಲ್ಲಿ ಅದು ಅಷ್ಟು ಸರಳವೂ ಅಲ್ಲ. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಒಂದು, ಕರ್ನಾಟಕ ಬ್ಯಾಂಡ್ ಒಂದು, ಎರಡೂ ಇದ್ದವು. ನಾಲ್ವಡಿಯವರು ವೀಣೆ, ಪಿಟೀಲು, ಕೊಳಲಿನಿಂದ ಹಿಡಿದು ಪಿಯಾನೋ, ಸ್ಯಾಕ್ಸೋಫೋನ್‌ವರೆಗೆ ನುಡಿಸಬಲ್ಲವರಾಗಿದ್ದರು. ನಮ್ಮ ಕೃತಿಗಳನ್ನು ಆ ಕಡೆಯ ವಾದ್ಯಗಳಲ್ಲಿ ಕೂಡಿಸಿ ನುಡಿಸಿದರೆ ಹೇಗಿರುತ್ತದೆ ಎಂಬ ಕುತೂಹಲ ಅವರಿಗೆ ಬಹಳ. ವೀಣೆ ವೆಂಕಟಗಿರಿಯಪ್ಪನವರು ‘ನಗ್ಮಾ’ ಎಂಬ ಮಾತಿಲ್ಲದ ರಚನೆಗಳನ್ನು ಮಾಡಿದ್ದು ಅವರ ಅಪೇಕ್ಷೆಯ ಮೇರೆಗೇ. ಹಾಗಾಗಿ ಆ ಸಂಜೆ ಆ ಹಿತ್ತಾಳೆಯ ಕೊಳವೆಗಳಿಂದ ಯಾವ ಊರಿನ ಸಂಗೀತ ಬೇಕಾದರೂ ಹೊರಟಿರಬಹುದಾಗಿತ್ತು. ಇದು ನನಗೆ ಆಗ ಗೊತ್ತಿರಲಿಲ್ಲ, ಮಾವನಿಗೂ ಗೊತ್ತಿರಲಿಲ್ಲ.

ನನ್ನ ಹತ್ತಿರ ಒಂದು ಟೂ-ಇನ್-ಒನ್ ಇತ್ತು. ಅದರಲ್ಲಿ ಮಾವನ ಹಾಡು ರೆಕಾರ್ಡ್ ಮಾಡಿ ತಿಳಿದವರಿಗೆ ಕೇಳಿಸೋಣ ಎಂದು ಹೊರಟೆ. ಮೈಕಿನ ಮುಂದೆ ಕೂತ ಕೂಡಲೇ ಮಾವನಿಗೆ ಎಂದೂ ಇಲ್ಲದ ನಾಚಿಕೆ. ಗಂಟಲು ಸರಿಮಾಡಿಕೊಂಡರು, ಶಲ್ಯ ಹೊದ್ದುಕೊಂಡರು, ನೀರು ಕುಡಿದರು. ಕೊನೆಗೆ ಎತ್ತಿಕೊಂಡಾಗ ಎಂದಿಗಿಂತ ಮೇಲಿನ ಶ್ರುತಿ, ಎರಡನೆಯ ಸುತ್ತಿಗೆ ಇನ್ನೂ ಮೇಲೆ. ಓಡುವ ಭಾಗ ಬಂದ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಇನ್ನೊಂದು ಸಲ ಹಾಡಿ ಅಂದರೆ, ‘ಅಷ್ಟು ಸಾಕು, ತಿಳಿದವರಿಗೆ ತಿಳಿಯುತ್ತೆ’ ಅಂತ ಎದ್ದುಬಿಟ್ಟರು. ಕುಕ್ಕರಿನ ಆ ಕೂಗು ಎಷ್ಟು ದುಬಾರಿಯಾಯಿತು ಅಂತ ಮುಂದೆ ಹೇಳ್ತೀನಿ.

ಇಂಗ್ಲಿಷ್ ಸಂಗೀತ ಎಂಬುದು ಮಾವನ ವಾದವಾದ್ದರಿಂದ ಮೊದಲು ಹೋದದ್ದು ಒಬ್ಬ ಪಿಯಾನೋ ಮೇಷ್ಟ್ರ ಹತ್ತಿರ. ವಯಸ್ಸಾದವರು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಅವರ ಹಜಾರದಲ್ಲಿ ಜಯಚಾಮರಾಜ ಒಡೆಯರ ಫೋಟೋಕ್ಕೆ ಹಾರ ಹಾಕಿತ್ತು. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳು ರೆಕಾರ್ಡ್ ಆಗಲಿ ಎಂದು ಮೈಸೂರಿನ ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಮಾಡಿದ್ದು, ಆತ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮಹಾರಾಜರಿಗೆ ಅರ್ಪಿಸಿದ್ದು, ಇದನ್ನೆಲ್ಲ ನಾವು ಕೂರುವ ಮೊದಲೇ ಹೇಳಿ ಮುಗಿಸಿದರು. ಮೈಸೂರಿನಲ್ಲಿ ಕೂತು ಲಂಡನ್ನಿನ ಸಂಗೀತದ ಬಗ್ಗೆ ಇಷ್ಟು ಸಲುಗೆಯಿಂದ ಮಾತಾಡುವವರನ್ನು ನಾನು ನೋಡಿದ್ದು ಅದೇ ಮೊದಲು.

ಟೇಪ್ ಕೇಳಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿದರು. ಪಿಯಾನೋದ ಮೇಲೆ ‘ಕರ್ನಲ್ ಬೋಗಿ’ ಮಾರ್ಚನ್ನು ನಾಲ್ಕು ಸಾಲು ನುಡಿಸಿ, ‘ಇದಾ?’ ಅಂದರು. 1914ರಲ್ಲಿ ಬ್ರಿಟಿಷ್ ಸೇನೆಯ ಬ್ಯಾಂಡ್‌ಮಾಸ್ಟರ್ ಒಬ್ಬ ಕೆನೆತ್ ಆಲ್ಫರ್ಡ್ ಎಂಬ ಹೆಸರಿನಲ್ಲಿ ಮಾಡಿದ್ದು ಅದು. ದೇಶದ ಬ್ಯಾಂಡುಗಳೆಲ್ಲ ನುಡಿಸುತ್ತಿದ್ದವು. ಮಾವ ತಲೆಯಾಡಿಸಿದರು. ‘ಇದು ಗೊತ್ತು ಸಾರ್. ಕ್ವಾಯ್ ಸೇತುವೆ ಪಿಕ್ಚರಲ್ಲಿ ಸೋಲ್ಜರುಗಳು ಶಿಳ್ಳೆ ಹಾಕ್ತಾರಲ್ಲ, ಅದು. ನನ್ನದು ಇದಲ್ಲ.’

ಆಗ ಅವರು ಬೀರುವಿನಿಂದ ಒಂದು ದಪ್ಪ ಪುಸ್ತಕ ತೆಗೆದರು. ಬಾರ್ಲೋ ಮತ್ತು ಮಾರ್ಗನ್‌ಸ್ಟರ್ನ್ ಎಂಬಿಬ್ಬರು 1948ರಲ್ಲಿ ಹೊರತಂದ ನಿಘಂಟು, ಸುಮಾರು 10,000 ರಾಗಧಾಟಿಗಳದ್ದು. ವಾದ್ಯಸಂಗೀತದ ಹೆಸರಾಂತ ಕೃತಿಗಳ ಮುಖ್ಯ ಎಳೆಗಳನ್ನೆಲ್ಲ ಅದರಲ್ಲಿ ಸ್ವರಲಿಪಿಯಾಗಿ ಹಾಕಿದ್ದರು. ನನ್ನ ಕಣ್ಣು ಕೀಲಿಸಿದ್ದು ಹಿಂದಿನ ಪುಟಗಳ ಮೇಲೆ. ಪ್ರತಿಯೊಂದು ಧಾಟಿಯನ್ನೂ ಸಿ ಶ್ರುತಿಗೆ ಇಳಿಸಿಕೊಂಡು, ಅದರ ಮೊದಲ ಕೆಲವು ಸ್ವರಗಳನ್ನು ಬರೀ ಅಕ್ಷರಗಳಾಗಿ ಬರೆದು, ಆ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿದ್ದರು. ಕೃತಿಯ ಹೆಸರು ಬೇಡ, ಬರೆದವನ ಹೆಸರು ಬೇಡ. ಗುನುಗಲು ಬಂದರೆ ಸಾಕು, ಹುಡುಕಬಹುದು. 1975ರಲ್ಲಿ ಡೆನಿಸ್ ಪಾರ್ಸನ್ಸ್ ಎಂಬವರು ಇದನ್ನು ಇನ್ನಷ್ಟು ಸುಲಭ ಮಾಡಿದರು. ಯಾವ ಸ್ವರ ಎಂದೂ ತಿಳಿಯಬೇಕಾಗಿಲ್ಲ. ಹಿಂದಿನದಕ್ಕಿಂತ ಮೇಲೆ ಹೋಯಿತೋ, ಕೆಳಗೆ ಬಂತೋ, ಅಲ್ಲೇ ನಿಂತಿತೋ, ಇಷ್ಟನ್ನೇ ಸಾಲಾಗಿ ಬರೆದು ಹುಡುಕುವ ಪುಸ್ತಕ ಮಾಡಿದರು. ನೀವೆಲ್ಲ ಈಗ ಫೋನಿಗೆ ಗುನುಗಿ ಕೂತಲ್ಲೇ ಉತ್ತರ ತೆಗೀತೀರಿ, 2020ರಿಂದ ಗೂಗಲ್ಲೇ ಅದನ್ನು ಮಾಡುತ್ತದೆ. ಪಿಯಾನೋ ಮೇಷ್ಟ್ರ ಆ ನಿಘಂಟು ಕಂಡ ದಿನ ಇಂಥದ್ದೊಂದು ಇರಬಹುದು ಎಂಬ ಕಲ್ಪನೆಯೇ ನಮಗಿರಲಿಲ್ಲ. ಮಾವ ಅಂತೂ ಅದನ್ನು ಎರಡೂ ಕೈಯಲ್ಲಿ ಹಿಡಿದು, ‘ರೈಲ್ವೆ ಟೈಮ್‌ಟೇಬಲ್ಲಿಗಿಂತ ಚೆನ್ನಾಗಿ ಮಾಡಿದಾರೆ’ ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಪಿಯಾನೋ ಮೇಷ್ಟ್ರು ಟೇಪನ್ನು ತುಸು ತುಸುವಾಗಿ ನಿಲ್ಲಿಸುತ್ತ, ಮಾವನ ಏರುಶ್ರುತಿಯನ್ನು ತಿದ್ದಿಕೊಳ್ಳುತ್ತ, ಚೀಟಿಯ ಮೇಲೆ ಬರೆದರು: ಸಿ, ಡಿ, ಎಫ್, ಎ, ಬಿ. ಆಮೇಲೆ ಏನೋ ಒಂದು ಹಾರುತ್ತದೆ; ಹಾರಿ ಎಲ್ಲಿಗೆ ಹೋಯಿತು ಎಂಬಲ್ಲಿ ಕುಕ್ಕರ್ ಕೂಗುತ್ತದೆ. ಇದ್ದಷ್ಟನ್ನೇ ಹಿಡಿದು ಹುಡುಕಿದರು. ಸಿಗಲಿಲ್ಲ.

ಕನ್ನಡಕ ತೆಗೆದು ಅವರು ಹೇಳಿದ ಮಾತು ಈಗಲೂ ನೆನಪಿದೆ. ‘ಸ್ವರ ಎಲ್ಲಾ ನಮ್ಮ ಸಿ ಮೇಜರಿನ ಒಳಗೇ ಇದಾವೆ. ನಡಿಗೆ ಮಾತ್ರ ನಮ್ಮದಲ್ಲ. ನಮ್ಮವರು ಸಿ ಬಿಟ್ಟರೆ ಇ, ಜಿ ಅಂತ ಏರ್ತಾರೆ, ಇಲ್ಲ ಮೆಟ್ಟಿಲು ಮೆಟ್ಟಿಲಾಗಿ ಹೋಗ್ತಾರೆ. ಇವರು ಸಿ, ಡಿ ಅಂದು, ಇ ಬಿಟ್ಟು ಎಫ್‌ಗೆ ಹೋಗ್ತಾರೆ, ಜಿ ಬಿಟ್ಟು ಎ ಹಿಡೀತಾರೆ. ಯಾರೋ ನಮ್ಮ ಸಾಮಾನು ತಗೊಂಡು ತಮ್ಮ ಮನೆ ಕಟ್ಟಿದಾರೆ. ನೀವು ವೀಣೆಯವರನ್ನ ಕೇಳಿ.’

ಮಾವನಿಗೆ ಇದು ಹಿಡಿಸಲಿಲ್ಲ. ದಾರಿಯುದ್ದಕ್ಕೂ, ‘ಅವರ ಪುಸ್ತಕ ಹಳೇದು, ಅದರಲ್ಲಿ ಬಿಟ್ಟುಹೋಗಿರಬೇಕು’ ಅಂತ ಗೊಣಗಿದರು.

ವೀಣೆ ಮೇಷ್ಟ್ರು ನಮ್ಮ ಹಿಂದಿನ ಬೀದಿಯವರೇ. ವೆಂಕಟಗಿರಿಯಪ್ಪನವರ ಶಿಷ್ಯರ ಹತ್ತಿರ ಕಲಿತವರು. ಸಂಜೆ ಹೊತ್ತು ಅವರ ಮನೆಯ ಮುಂದೆ ಹೆಣ್ಣುಮಕ್ಕಳ ಚಪ್ಪಲಿಯ ಸಾಲೇ ಇರುತ್ತಿತ್ತು. ಟೇಪನ್ನು ಮುಟ್ಟಲೂ ಇಲ್ಲ. ‘ಹಾಡಿದವರೇ ಬಂದಿರುವಾಗ ಡಬ್ಬಿ ಯಾಕೆ? ರಾಯರೇ, ಮೊದಲು ಕಾಫಿ ಕುಡೀರಿ’ ಅಂದರು. ಕಾಫಿ ಆದ ಮೇಲೂ ಹಾಡಿಸಲಿಲ್ಲ, ಪ್ರಶ್ನೆ ಕೇಳಿದರು. ಮಾತು ಒಂದಾದರೂ ನೆನಪಿದೆಯೇ? ಇಲ್ಲ. ಯಾವ ದೇವರ ಮೇಲಿನದು ಅಂತ ಯಾರಾದರೂ ಹೇಳಿದ್ದರೇ? ಇಲ್ಲ. ಮೇಷ್ಟ್ರು ತಲೆ ತುರಿಸಿಕೊಂಡರು.

ಅವರ ಕಷ್ಟ ನನಗೆ ಆಮೇಲೆ ಅರ್ಥವಾಯಿತು. ಕರ್ನಾಟಕ ಸಂಗೀತದಲ್ಲಿ ಪ್ರತಿಯೊಂದಕ್ಕೂ ಗುರುತು ಇರುವುದು ಮಾತಿನಲ್ಲಿ. ಕೃತಿಯ ಮೊದಲ ಪದಗಳೇ ಅದರ ಹೆಸರು, ಪುಸ್ತಕದ ಅನುಕ್ರಮಣಿಕೆ ಇರುವುದೂ ಹಾಗೆಯೇ. ಮಾತು ಗೊತ್ತಿಲ್ಲದಿದ್ದರೆ ರಾಗದ ಬಾಗಿಲಿನಿಂದ ಹೋಗಬೇಕು. 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಂಥ ಬೃಹತ್ ಗ್ರಂಥ ಕೈಯಲ್ಲಿದ್ದರೂ, ಮೇಳ ಯಾವುದು, ಅದರ ಕೆಳಗೆ ರಾಗ ಯಾವುದು ಎಂದು ಮೊದಲೇ ತಿಳಿದವನಿಗೇ ಅದು ಬಾಗಿಲು ತೆರೆಯುತ್ತದೆ. ಪಿಯಾನೋ ಮೇಷ್ಟ್ರ ಪುಸ್ತಕ ಏನೂ ತಿಳಿಯದವನನ್ನೂ ಒಳಗೆ ಬಿಡುತ್ತಿತ್ತು. ಈ ವಿಷಯದಲ್ಲಿ ಅವರ ಪದ್ಧತಿಯೇ ಮೇಲು ಎಂದು ನನಗೆ ಅನ್ನಿಸಿದೆ. ವೀಣೆ ಮೇಷ್ಟ್ರ ಮುಂದೆ ಅಂದಿದ್ದರೆ ಕಾಫಿ ಲೋಟ ವಾಪಸು ಕೇಳುತ್ತಿದ್ದರೋ ಏನೋ.

‘ಬ್ಯಾಂಡು ಅಂತೀರಿ, ಮಾತಿಲ್ಲ ಅಂತೀರಿ. ಹಾಗಿದ್ರೆ ನೊಟ್ಟು ಇರಬೇಕು’ ಅಂದು ವೀಣೆ ಕೈಗೆತ್ತಿಕೊಂಡರು. ಮುತ್ತುಸ್ವಾಮಿ ದೀಕ್ಷಿತರು ಹುಡುಗರಾಗಿದ್ದಾಗ ಅವರ ಮನೆಯವರು ಮದರಾಸಿನ ಹತ್ತಿರದ ಮಣಲಿಯಲ್ಲಿದ್ದರು. ಕಂಪನಿ ಸರ್ಕಾರದ ಬ್ಯಾಂಡು ನುಡಿಸುತ್ತಿದ್ದ ಧಾಟಿಗಳು ಅಲ್ಲಿ ಅವರ ಕಿವಿಗೆ ಬಿದ್ದವು. ಆ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಕೂಡಿಸಿದ್ದೇ ನೊಟ್ಟುಸ್ವರ. ಅಂಥವು ನಲವತ್ತರ ಹತ್ತಿರ ಇವೆ. ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯೂ ಅವುಗಳಲ್ಲೊಂದಾಗಿ ಶ್ಯಾಮಲಾದೇವಿಯ ಸ್ತುತಿಯಾಗಿದೆ. ನಮ್ಮಲ್ಲಿ ಪಾಠ ಶುರು ಮಾಡಿದ ಮಕ್ಕಳೂ ‘ಶಕ್ತಿಸಹಿತ ಗಣಪತಿಂ’ ಹಾಡುತ್ತಾರೆ. ಮೇಷ್ಟ್ರು ಗಮಕವೇ ಇಲ್ಲದೆ ನೇರ ಸ್ವರಗಳಲ್ಲಿ ಒಂದಾದ ಮೇಲೊಂದು ನೊಟ್ಟು ನುಡಿಸಿದರು. ಮಾವ ಪ್ರತಿಯೊಂದಕ್ಕೂ ಮರ್ಯಾದೆಯಿಂದ, ‘ಚೆನ್ನಾಗಿದೆ, ಆದರೆ ಇದಲ್ಲ’ ಅಂದರು. ಮದುರೈ ಮಣಿ ಅಯ್ಯರ್ ಹಾಡಿ ಮನೆಮಾತು ಮಾಡಿದ, ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟ್’ ಆಯಿತು. ಅದೂ ಅಲ್ಲ. ವೆಂಕಟಗಿರಿಯಪ್ಪನವರ ನಗ್ಮಾ ಒಂದನ್ನು ಮುಟ್ಟಿದರು. ‘ಇದರಲ್ಲಿ ಓಟ ಇದೆ’ ಅಂತ ಮಾವ ಆಸೆಯಿಂದ ಮುಂದೆ ಸರಿದರು. ಎರಡು ಸಾಲಾಗುವಷ್ಟರಲ್ಲಿ ಹಿಂದಕ್ಕೆ ಒರಗಿದರು.

‘ಸರಿ, ಈಗ ಹಾಡಿ’ ಅಂದರು ಮೇಷ್ಟ್ರು. ಶ್ರುತಿಪೆಟ್ಟಿಗೆ ಹಿಡಿದರು. ಮಾವ ಶುರು ಮಾಡಿದ ಕೂಡಲೇ ಷಡ್ಜ ಜಾರಿತು. ಮೇಷ್ಟ್ರು ಬಿರಡೆ ತಿರುವಿ ವೀಣೆಯನ್ನು ಮಾವನ ಶ್ರುತಿಗೆ ತಂದರೆ, ಅಷ್ಟರಲ್ಲಿ ಮಾವ ಇನ್ನೊಂದು ಶ್ರುತಿಯಲ್ಲಿರುತ್ತಿದ್ದರು. ಹೀಗೆ ಒಂದಷ್ಟು ಹೊತ್ತು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋದ ಮೇಲೆ ಮೇಷ್ಟ್ರು ವೀಣೆ ಕೆಳಗಿಟ್ಟರು.

‘ರಾಯರೇ, ಹಾಡೋದು ಬಿಡಿ. ಬ್ಯಾಂಡಿನ ಹಿಂದೆ ನಡೀತಾ ಇದೀರಿ ಅಂದ್ಕೊಳ್ಳಿ. ಏಳಿ, ನಡೀರಿ. ಬಾಯಿಗೆ ಏನು ಬರುತ್ತೋ ಬರಲಿ.’

ನಿವೃತ್ತ ಗುಮಾಸ್ತರು, ಪಂಚೆ ಉಟ್ಟವರು, ಕಲಿಯಲು ಬಂದ ಹುಡುಗಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಮಾವ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಪಂಚೆಯ ತುದಿ ಎಡಗೈಯಲ್ಲಿ ಹಿಡಿದು, ಕೆಂಪು ಗಾರೆಯ ಆ ಹಜಾರದಲ್ಲಿ ಗೋಡೆಯಿಂದ ಗೋಡೆಗೆ ನಡೆಯತೊಡಗಿದರು. ಎಡ, ಬಲ, ಎಡ, ಬಲ. ಮೊದಲ ಸುತ್ತಿನಲ್ಲಿ ಬಾಯಿ ತೆರೆಯಲಿಲ್ಲ. ಎರಡನೆಯ ಸುತ್ತಿನಲ್ಲಿ ಹಿಮ್ಮಡಿ ನೆಲಕ್ಕೆ ಬೀಳುವುದಕ್ಕೆ ಸರಿಯಾಗಿ ಹಾಡು ತಾನಾಗಿ ಬಂತು. ಹಿಂದಿನಂತೆ ನುಗ್ಗುತ್ತಿರಲಿಲ್ಲ, ಹೆಜ್ಜೆಯ ಅಳತೆಗೆ ಕೂತಿತ್ತು. ಮುಖ್ಯ ವಿಷಯ ಅಂದರೆ ಶ್ರುತಿ ನಿಂತಿತ್ತು. ಕಾಲಿನ ಕಡೆ ಗಮನ ಹೋದದ್ದೇ ಗಂಟಲಿನ ಹೆದರಿಕೆ ಬಿಟ್ಟುಹೋಯಿತೇನೋ. ಮೇಷ್ಟ್ರು ಸದ್ದಿಲ್ಲದೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎಂಟು ಹೆಜ್ಜೆಗೆ ಒಂದು ಆವರ್ತ. ‘ಆದಿತಾಳ’ ಅಂದರು ತುಟಿಯಲ್ಲೇ. ‘ನಿಲ್ಲಿಸಬೇಡಿ, ನಡೀತಾ ಇರಿ.’

ಇನ್ನೊಂದು ಕೈಯಿಂದ ವೀಣೆ ಎಳೆದುಕೊಂಡು ಮಾವ ಗುನುಗಿದ್ದನ್ನು ಹೆಕ್ಕತೊಡಗಿದರು. ಸ, ರಿ, ಮ, ದ, ನಿ. ಸ್ವರಗಳೆಲ್ಲ 29ನೆಯ ಮೇಳ ಧೀರಶಂಕರಾಭರಣದವು, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಆ ಮೇಳದ ಮಕ್ಕಳು ಒಂದೇ ಎರಡೇ. ಬಾಗಿಲಲ್ಲಿದ್ದ ಹುಡುಗಿಯೊಬ್ಬಳು, ‘ಬಿಲಹರಿ ಸಾರ್?’ ಅಂದಳು. ಮೇಷ್ಟ್ರು ತಲೆ ಎತ್ತದೆ, ‘ಬಿಲಹರೀಲಿ ಏರುವಾಗ ಮಧ್ಯಮ ಎಲ್ಲಿಂದ ತರ್ತೀಯಮ್ಮ?’ ಅಂದರು. ಹಂಸಧ್ವನಿಯಾಗಲು ಮಧ್ಯಮವೂ ಇರಬಾರದು, ಧೈವತವೂ ಇರಬಾರದು. ಇಲ್ಲಿ ಎರಡೂ ಇವೆ. ಆರಭಿಯಲ್ಲಿ ರಿ ಆದ ಮೇಲೆ ಮ ಬರುತ್ತದೆ, ನಿಜ, ಆದರೆ ಅಲ್ಲಿ ಏರುವಾಗ ಪಂಚಮ ಬೇಕು, ನಿಷಾದ ಬೇಡ. ಮಾವ ಪಂಚಮವನ್ನು ದಾಟಿ ಹೋಗಿ ನಿಷಾದವನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರು.

ಮೇಷ್ಟ್ರ ಬೆರಳು ನಿಷಾದದ ಮೆಟ್ಟಿನ ಮೇಲಿತ್ತು. ಪಕ್ಕದ ಮೆಟ್ಟು ಷಡ್ಜ. ಯಾರ ಬೆರಳಾದರೂ ಅಲ್ಲಿಗೇ ಸರಿಯುತ್ತದೆ, ಅವರದೂ ಸರಿಯಿತು. ಆದರೆ ಮಾವ ಷಡ್ಜಕ್ಕೆ ಹೋಗಲಿಲ್ಲ. ಮೆಟ್ಟಿಲು ಬಿಟ್ಟು ಜಗಲಿಗೆ ನೆಗೆಯುವ ಹುಡುಗನ ಹಾಗೆ ನಿಷಾದದಿಂದ ಗಾಂಧಾರಕ್ಕೆ ನೆಗೆದರು, ಅಲ್ಲಿಂದ ಪಂಚಮ, ಆಮೇಲೆ ಷಡ್ಜ. ಟೇಪಿನಲ್ಲಿ ಕುಕ್ಕರ್ ಕೂಗಿದ್ದು ಇದೇ ಜಾಗದಲ್ಲಿ.

‘ನಿಲ್ಲಿ!’ ಮೇಷ್ಟ್ರು ಎಷ್ಟು ಜೋರಾಗಿ ಕೂಗಿದರೆಂದರೆ ಮಾವ ಒಂದು ಕಾಲು ಎತ್ತಿದವರು ಹಾಗೇ ನಿಂತರು. ‘ನಿ ಆದ ಮೇಲೆ ಏನು ಹಾಡಿದಿರಿ? ಇನ್ನೊಂದು ಸಲ.’

ಮಾವ ಹಾಡಿದರು. ಮೇಷ್ಟ್ರು ಜೊತೆಗೇ ನುಡಿಸಿದರು: ಸ ರಿ ಮ ದ ನಿ ಗ ಪ ಸ. ಏರುವಾಗ ಬಿಟ್ಟುಬಂದ ಗಾಂಧಾರ, ಪಂಚಮ ಎರಡನ್ನೂ ಕೊನೆಗೆ ಹೆಕ್ಕಿಕೊಂಡು ಹೋಗುವ ಆರೋಹಣ ಇದು. ಇಳಿಯುವಾಗ ಮಾತ್ರ ಯಾವ ವಕ್ರವೂ ಇಲ್ಲದೆ ನೇರ ಇಳಿದುಬಿಡುತ್ತದೆ. ಮೇಷ್ಟ್ರು ವೀಣೆಯ ದಂಡಿಯ ಮೇಲೆ ಅಂಗೈ ಬಡಿದು ನಕ್ಕರು. ‘ಕದನಕುತೂಹಲ! ರಾಯರೇ, ಇಷ್ಟು ವರ್ಷ ನೀವು ಕದನಕುತೂಹಲ ಇಟ್ಕೊಂಡು ಹುರುಳಿಕಾಯಿ ಬಿಡಿಸ್ತಾ ಇದ್ರಾ?’

ಕದನಕುತೂಹಲವನ್ನು ರೂಪಿಸಿದವರು ಪಟ್ನಂ ಸುಬ್ರಹ್ಮಣ್ಯ ಅಯ್ಯರ್, 1845ರಿಂದ 1902ರವರೆಗೆ ಬಾಳಿದವರು. ಬೇಗಡೆ ರಾಗದ ಮೇಲೆ ಎಂಥ ಹಿಡಿತವಿತ್ತೆಂದರೆ ಅವರನ್ನು ಬೇಗಡೆ ಸುಬ್ರಹ್ಮಣ್ಯ ಅಯ್ಯರ್ ಎಂದೇ ಕರೆಯುತ್ತಿದ್ದರು. ಅಂಥವರು ಬ್ಯಾಂಡಿನ ಗತ್ತಿರುವ ಈ ರಾಗದಲ್ಲಿ ‘ರಘುವಂಶ ಸುಧಾಂಬುಧಿ’ ಮಾಡಿದರು. ಮೈಸೂರಿಗೂ ಅವರಿಗೂ ನಂಟು ದೊಡ್ಡದು. ನಮ್ಮ ವಾಸುದೇವಾಚಾರ್ಯರು ಅರಮನೆಯ ಸಹಾಯದಿಂದ ತಿರುವಯ್ಯಾರಿಗೆ ಹೋಗಿ, ಪಟ್ನಂ ಅವರ ಮನೆಯಲ್ಲೇ ಇದ್ದು ಪಾಠ ಮಾಡಿಕೊಂಡು ಬಂದರು. ಅಲ್ಲಿಂದ ಇಲ್ಲಿಗೆ ಹಾಡುಗಳು ಹರಿದು ಬರಲು ಇದಕ್ಕಿಂತ ನೇರ ದಾರಿ ಬೇಡ.

ಇಷ್ಟನ್ನೂ ಹೇಳಿ ಮೇಷ್ಟ್ರು ಗೆದ್ದ ಹುರುಪಿನಲ್ಲಿ ಕೃತಿಯ ಪಲ್ಲವಿ ನುಡಿಸಿದರು. ಮಾವ ಕೇಳಿದರು. ಅನುಪಲ್ಲವಿಗೆ ಬಂದರು. ಮಾವನ ಮುಖ ಸಪ್ಪಗಾಯಿತು.

‘ಚೆನ್ನಾಗಿದೆ ಮೇಷ್ಟ್ರೇ. ಆದರೆ ಇದಲ್ಲ.’

ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ಆ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೇಷ್ಟ್ರಿಗೆ ಸಿಟ್ಟು ಬಂದಿತ್ತು, ಕಿವಿ ಕೆಂಪಾಗಿತ್ತು. ಈ ರಾಗದಲ್ಲಿ ಬ್ಯಾಂಡಿನವರು ನುಡಿಸಿರಬಹುದಾದದ್ದು ಇನ್ನು ಯಾವುದು? ವೀಣೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, ಯಾರಿಗೂ ಏನೂ ಹೇಳದೆ, ಮೊದಲಿಗಿಂತ ಚುರುಕಾಗಿ ಬೇರೆ ಎಲ್ಲಿಂದಲೋ ಎತ್ತಿಕೊಂಡರು. ಅರ್ಧ ಆವರ್ತ ಆಗಿತ್ತೋ ಇಲ್ಲವೋ, ಮಾವ ಎದ್ದು ನಿಂತಿದ್ದರು. ಮೇಷ್ಟ್ರು ನಿಲ್ಲಿಸಲಿಲ್ಲ. ಓಟ ಏರಿ, ನಿಷಾದದಿಂದ ಹಾರಿ, ಮಾವ ಯಾವಾಗಲೂ ದಾರಿ ತಪ್ಪುತ್ತಿದ್ದ ಜಾಗಕ್ಕೆ ಬಂತು. ಅಲ್ಲಿ ನಿಲ್ಲದೆ, ತಿರುಗಿ, ಸರಸರ ಇಳಿದು ಪಲ್ಲವಿಗೆ ಸೇರಿಕೊಂಡಿತು. ಮಾವ ಅಷ್ಟು ವರ್ಷದಿಂದ ಮೇಲೇ ಸಿಕ್ಕಿಹಾಕಿಕೊಂಡಿದ್ದರಲ್ಲ, ಅಲ್ಲಿಂದ ಇಳಿಯುವ ದಾರಿ ಅದು.

‘ಇದೇ’ ಅಂದರು ಮಾವ. ಕಣ್ಣು ಒರೆಸಿಕೊಂಡರು ಅಂತ ನಾನು ಮನೆಯಲ್ಲಿ ಹೇಳಿದಾಗ, ‘ಅದು ಸಾಂಬ್ರಾಣಿ ಹೊಗೆ’ ಅಂತ ಹೊಡೆದುಹಾಕಿದರು.

ಅದು ಚಿಟ್ಟೆಸ್ವರ. ಕೆಲವು ಕೃತಿಗಳಲ್ಲಿ ಅನುಪಲ್ಲವಿ, ಚರಣ ಆದ ಮೇಲೆ ಹಾಡಲು ಅಂತ ಕಟ್ಟಿಟ್ಟಿರುವ ಸ್ವರಗಳ ಗುಚ್ಛ. ಅದಕ್ಕೆ ಸಾಹಿತ್ಯ ಇರುವುದಿಲ್ಲ, ಹಾಡುವವರು ಸರಿಗಮವನ್ನೇ ಹಾಡುತ್ತಾರೆ. ಬ್ಯಾಂಡಿನಲ್ಲಿ ಆ ಸರಿಗಮವೂ ಇಲ್ಲ, ಬರೀ ಧಾಟಿ. ಮೇಷ್ಟ್ರ ಊಹೆ ಏನೆಂದರೆ, ಪಲ್ಲವಿ, ಅನುಪಲ್ಲವಿಯನ್ನು ಒಂದೆರಡು ವಾದ್ಯಗಳು ನುಡಿಸಿ, ಚಿಟ್ಟೆಸ್ವರ ಬಂದಾಗ ಹಿತ್ತಾಳೆಯವರೆಲ್ಲ ಒಟ್ಟಿಗೆ ಏರಿರಬೇಕು. ದೂರದಲ್ಲಿ ಹೆಗಲ ಮೇಲಿದ್ದ ಹುಡುಗನಿಗೆ ಸದ್ದುಗದ್ದಲದ ಮೇಲೆ ಎದ್ದು ಕೇಳಿಸಿದ್ದು ಅಷ್ಟೇ. ಅವನ ಪಾಲಿಗೆ ಹಾಡು ಅಂದರೆ ಅದೇ. ಊಹೆ ನಿಜವೋ ಅಲ್ಲವೋ ಹೇಳುವವರು ಯಾರೂ ಇರಲಿಲ್ಲ, ಆದರೆ ನಮಗೆಲ್ಲ ಒಪ್ಪಿಗೆಯಾಯಿತು. ಕೃತಿಯ ತಲೆ ಹುಡುಕುತ್ತಿದ್ದ ವಿದ್ವಾಂಸರಿಗೆ ಮಾವ ಅದರ ಬಾಲ ಕೊಟ್ಟಿದ್ದರು.

ಪಂದ್ಯದ ತೀರ್ಮಾನ ಮಾತ್ರ ಸಲೀಸಾಗಿ ಆಗಲಿಲ್ಲ. ಹಿಂದಿ ಸಿನಿಮಾದ್ದಲ್ಲ ಅಂತ ಚಿಕ್ಕಮಾವ ಒಪ್ಪಿದರು. ಆದರೆ ‘ಇಂಗ್ಲಿಷೂ ಅಲ್ವಲ್ಲ. ತಿರುವಯ್ಯಾರಿನ ಅಯ್ಯರ್ ಮಾಡಿದ್ದು ನಿನ್ನ ಇಂಗ್ಲಿಷ್ ಹೇಗಾಯ್ತಣ್ಣ?’ ಅಂದರು. ಮಾವ ಬಿಡಲಿಲ್ಲ. ಪಟ್ನಂ ಅವರು ಇಂಗ್ಲಿಷ್ ಸಂಗೀತದ ಗತ್ತನ್ನೇ ತಂದು ಈ ರಾಗಕ್ಕೆ ಹಾಕಿದರು ಅಂತ ವೀಣೆ ಮೇಷ್ಟ್ರೇ ಹೇಳಿದ್ದಾರೆ, ಇಂಗ್ಲಿಷ್ ಸ್ವರಗಳೇ ಅಂತ ಪಿಯಾನೋ ಮೇಷ್ಟ್ರೂ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಇನ್ನೇನು ಬೇಕು? ಕೊನೆಗೆ ದೋಸೆಯ ದುಡ್ಡು ಇಬ್ಬರೂ ಅರ್ಧರ್ಧ ಹಾಕಿದರು. ತಿಂದು ಬರುವಾಗಲೂ ಜಗಳ ಮುಗಿದಿರಲಿಲ್ಲ.

ಸ್ವಲ್ಪ ದಿನಕ್ಕೆ ನಾನು ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನಲ್ಲಿ ‘ರಘುವಂಶ’ ಇರುವ ಕ್ಯಾಸೆಟ್ಟೊಂದನ್ನು ತಂದುಕೊಟ್ಟೆ. ಮಾವ ಚಿಟ್ಟೆಸ್ವರ ಬರುವ ಜಾಗಕ್ಕೆ ತಿರುಗಿಸಿ ತಿರುಗಿಸಿ ಟೇಪನ್ನು ಸವೆಸಿದರು. ಆ ಸದ್ದೇ ತಾನು ಅಂದು ಕೇಳಿದ ಸದ್ದು ಎಂದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಗೋಪಾಲನಾಥರು ಹುಡುಗನಾಗಿದ್ದಾಗ ಸ್ಯಾಕ್ಸೋಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿಯೇ. ಆ ವಾದ್ಯದಲ್ಲಿ ಗಮಕ ತರಲು ವರ್ಷಗಟ್ಟಲೆ ಒದ್ದಾಡಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸುವ ಮಟ್ಟಕ್ಕೆ ಹೋದರು. ಆ ಸುದ್ದಿ ಪೇಪರಿನಲ್ಲಿ ಬಂದ ದಿನ ಮಾವ ಅದನ್ನು ಚಿಕ್ಕಮಾವನ ಮುಂದೆ ಹಿಡಿದು, ‘ಇಂಗ್ಲಿಷಿನವರೇ ಕರೆಸಿ ಕೇಳಿದಾರೆ, ಈಗೇನಂತೀಯ?’ ಅಂದರು.

ಪಿಯಾನೋ ಮೇಷ್ಟ್ರಿಗೆ ವಿಷಯ ತಿಳಿಸಬೇಕಲ್ಲ, ಆ ದಸರಾ ರಜೆ ಮುಗಿಯುವ ಮೊದಲೇ ಇಬ್ಬರೂ ಹೋಗಿದ್ದೆವು. ಅವರು ನಿಷಾದದ ಆಚೆಯ ಹಾರಿಕೆಯನ್ನು ಪಿಯಾನೋದಲ್ಲಿ ಹತ್ತಾರು ಸಲ ನುಡಿಸಿ ನೋಡಿ, ‘ಧೈರ್ಯ ಬೇಕು ಇದಕ್ಕೆ’ ಅಂದರು. ನಿಘಂಟನ್ನು ತೆಗೆದು, ಹಿಂದಿನ ಪುಟದ ಅಂಚಿನಲ್ಲಿ, ಸಿ ಡಿ ಎಫ್ ಬರಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದರು: ಸಿ, ಡಿ, ಎಫ್, ಎ, ಬಿ, ಇ, ಜಿ, ಸಿ. ಬರೆದು ಒಂದು ಗಳಿಗೆ ತಡೆದರು. ‘ಇದು ವಾದ್ಯಸಂಗೀತದ ಪುಸ್ತಕ. ನಿಮ್ಮದು ಹಾಡಲ್ವಾ?’

‘ಚಿಟ್ಟೆಸ್ವರಕ್ಕೆ ಮಾತಿಲ್ಲ ಸಾರ್’ ಅಂದೆ.

‘ಹಾಗಾದ್ರೆ ಸರಿ. ಕಂಪೋಸರ್ ಹೆಸರು ಹೇಳಿ.’

ನಾನು ಹೇಳಿದೆ. ಇನಿಷಿಯಲ್ ಎಲ್ಲಿ, ಊರು ಎಲ್ಲಿ ಅಂತ ಚರ್ಚೆಯಾಗಿ ಕೊನೆಗೆ ಪೂರ್ತಿ ಹೆಸರೇ ಅಂಚಿನುದ್ದಕ್ಕೂ ಇಳಿಯಿತು. ಮಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಿದ್ದವರು, ‘ಮೈಸೂರು ಅರಮನೆ ಬ್ಯಾಂಡು ಅಂತಲೂ ಬರೀರಿ ಸಾರ್’ ಅಂದರು.

‘ಅದಕ್ಕೆ ಇದರಲ್ಲಿ ಕಾಲಂ ಇಲ್ಲ’ ಅಂದರು ಪಿಯಾನೋ ಮೇಷ್ಟ್ರು.